ಅಜ್ಜಿಯ ಬಾಯಿ

...ಉಹುಂ, ಉಹುಂ, ಮಾತಾಡಬೇಡಿ ಮೇಷ್ಟ್ರೇ! ಕಚ್ಚಿ. ಹಾಗೇ ಕಚ್ಚಿ ಹಿಡ್ಕೊಳ್ಳಿ. ಹಾಂ... ಹಾಗೆ. ಹಲ್ಲಿನ ಸೆಟ್ಟಿನ ಒಳಗೆ ಪೇಸ್ಟು ಇನ್ನೂ ಹಸಿ ಇದೆ, ನೀವೀಗ ಒಂದು 'ಆ' ಅಂದ್ರೂ ಪಕ್ಕಕ್ಕೆ ಜಾರಿಬಿಡುತ್ತೆ, ಆಮೇಲೆ ಮೊದಲಿಂದ ಶುರು ಮಾಡಬೇಕು. ಸ್ವಲ್ಪ ಬಿಸಿ ಆಗುತ್ತೆ, ಗಾಬರಿ ಬೀಳಬೇಡಿ, ಗಟ್ಟಿಯಾಗೋವಾಗ ಅದು ಹಾಗೇನೇ. ಅದು ಕೂತ್ಕೊಳ್ಳೋವರೆಗೂ ನಾನು ಹೇಳ್ತೀನಿ, ನೀವು ಕೇಳಿ. ಕೇಳದೆ ಎಲ್ಲಿಗೆ ಹೋಗ್ತೀರಿ ಹೇಳಿ! ...ಅಯ್ಯೋ ನಗಬೇಡಿ ಅಂದ್ರೆ! ನಕ್ಕರೂ ಜಾರುತ್ತೆ. ನಗಲೇಬೇಕು ಅಂದ್ರೆ ಕಣ್ಣಲ್ಲಿ ನಗಿ.

ಎಲ್ಲಿದ್ದೆ ನಾನು? ಹಾಂ, ನನ್ನ ಮಗಳ ಸೀಟಿನ ವಿಷಯ.

ಈ ಕಿಟಕಿಯಿಂದ ನೋಡಿದ್ರೆ ನಿಮ್ಮ ಯೂನಿವರ್ಸಿಟಿಯ ಹಿಂದಿನ ಗೇಟು ಕಾಣುತ್ತಲ್ಲ, ರಸ್ತೆ ದಾಟಿದ್ರೆ ಸಾಕು. ಆದ್ರೆ ಆ ರಸ್ತೆ ದಾಟೋದು... ಇರಲಿ. ನಮ್ಮಪ್ಪನ ಕಾಲದಿಂದ ಇಲ್ಲೇ ಇದೀವಿ ನಾವು, ಹಲ್ಲು ಕಟ್ಟಿಕೊಂಡು. ಅರ್ಧ ಯೂನಿವರ್ಸಿಟಿ ಪಾಠ ಮಾಡೋದೇ ನಾನು ಕಟ್ಟಿದ ಹಲ್ಲಲ್ಲಿ! ಜಂಬ ಅಲ್ಲ, ಮೇಷ್ಟ್ರೇ. ಸಂಜೆ ಗೇಟಿಂದ ಎಲ್ಲರೂ ಹೊರಗೆ ಬರೋವಾಗ ಇಲ್ಲಿಂದಲೇ ಗುರುತು ಹಿಡೀತೀನಿ ನಾನು, ಇದು ನಂದು, ಅದು ನಂದು ಅಂತ. ನನ್ನವಳು ರೇಗಿಸ್ತಾಳೆ, "ನೀವು ಯಾರಿಗೇ ಹಲ್ಲು ಕಟ್ಟಿದ್ರೂ ಎಲ್ಲರೂ ಒಂದೇ ತಾಯಿ ಹೊಟ್ಟೇಲಿ ಹುಟ್ಟಿದೋರ ಥರ ಕಾಣ್ತಾರಲ್ರೀ" ಅಂತ. ಅವಳಿಗೇನು ಗೊತ್ತು. ತುಟಿ ಒಳಗೆ ಹೋಗಬಾರದು, ಕೆನ್ನೆ ಗುಳಿ ಬೀಳಬಾರದು, ಮನುಷ್ಯ ನಾಲ್ಕು ಜನರ ಎದುರು ತಲೆಯೆತ್ತಿ ನಿಲ್ಲಬೇಕು. ನನ್ನ ಲೆಕ್ಕ ಅಷ್ಟೇ.

ಇನ್ನೊಂದು ಗಮನಿಸಿದ್ರೋ ಇಲ್ವೋ, ನೀವು ಬಂದು ಸೆಟ್ಟು ತೆಗೆದಾಗ ನಾನು ಗೋಡೆ ಕಡೆ ತಿರುಗಿಕೊಂಡೆ. ನಮ್ಮ ಅಂಗಡಿ ಪದ್ಧತಿ ಅದು. ಅಪ್ಪ ಹೇಳಿಕೊಟ್ಟಿದ್ದು. ವಸಡು ನೋಡು, ಮುಖ ನೋಡಬೇಡ ಅನ್ನೋರು. ಹಲ್ಲಿಲ್ಲದ ಮುಖ ಅಂದ್ರೆ ಬಟ್ಟೆಯಿಲ್ಲದ ಮೈ ಇದ್ದ ಹಾಗೆ, ನೋಡಬಾರದು. ಇಷ್ಟು ವರ್ಷದಲ್ಲಿ ಒಬ್ಬನೇ ಒಬ್ಬ ಗಿರಾಕಿಯ ಬೊಚ್ಚು ಬಾಯಿ ನಾನು ನೋಡಿಲ್ಲ, ಆಣೆ ಮಾಡಿ ಹೇಳ್ತೀನಿ. ನಮ್ಮಮ್ಮನ್ನ ಬಿಟ್ಟು.

ಅಮ್ಮನ ವಿಷಯಕ್ಕೆ ಆಮೇಲೆ ಬರ್ತೀನಿ. ಮೊದಲು ಹೆಗ್ಗಣ.

ಯಾಕೆ ಹುಬ್ಬೇರಿಸ್ತೀರಿ? ನನ್ನ ಮಗಳೇ ಹೆಗ್ಗಣ! ಅವಳಜ್ಜಿ ಇಟ್ಟ ಹೆಸರು. ಅಂಬೆಗಾಲಿಡೋವಾಗಿಂದ ಎಲ್ಲಿ ಬಿಟ್ಟರೂ ಮಣ್ಣು ಕೆದಕೋಳು. ಹೂಕುಂಡ ಬಿಡಲಿಲ್ಲ, ಪಕ್ಕದ ಮನೆ ಪಾಯ ಬಿಡಲಿಲ್ಲ. ಮಣ್ಣು ಸಿಗದಿದ್ರೆ ಈ ಬೆಂಚಿನ ಕೆಳಗೆ ಕೂತು ನನ್ನ ಮೇಣದ ಚೂರಲ್ಲಿ ಏನೇನೋ ಮಾಡೋಳು. ಒಂದಿನ ನೋಡ್ತೀನಿ, ಎದುರಿಗೆ ಕಾಯ್ತಾ ಕೂತಿದ್ದ ಗಿರಾಕಿ ಮೂಗು! ಥೇಟ್ ಅದೇ ಮೂಗು, ತುದೀಲಿದ್ದ ನರಹುಲಿ ಸಮೇತ. ಆ ಮನುಷ್ಯನಿಗೆ ಸಿಟ್ಟು ಬಂದು ಎದ್ದು ಹೋದ. ಅವತ್ತು ಅಂದ್ಕೊಂಡೆ ಮೇಷ್ಟ್ರೇ, ಇವಳು ನನ್ನಂಗಲ್ಲ. ಇವಳು ಆ ಗೇಟಿನ ಒಳಗೆ ಇರಬೇಕಾದೋಳು.

ಅವಳೂ ಅಷ್ಟೇ. ಬೇರೆ ಹುಡುಗಿಯರು ಅದು ಬೇಕು ಇದು ಬೇಕು ಅಂತಾರಲ್ಲ, ಇವಳಿಗೆ ಒಂದೇ. ನಿಮ್ಮ ಶಿಲ್ಪ ವಿಭಾಗ. ಬೇರೆ ಎಲ್ಲೂ ಅರ್ಜಿ ಹಾಕಲಿಲ್ಲ. ಬೈದೆ, ಬೇಡ್ಕೊಂಡೆ. "ಅಲ್ಲಿ ಸಿಗದಿದ್ರೆ ಇಲ್ಲೇ ಕೂತು ನಿನ್ನ ಜೊತೆ ಸೆಟ್ಟಿನ ಹಲ್ಲು ಉಜ್ಜುತೀನಿ ಬಿಡಪ್ಪಾ" ಅಂದ್ಲು. ತಮಾಷೆಗೆ ಅಂದಿದ್ದು ಅದು.

ಅದಕ್ಕೇ ನಿಮ್ಮನ್ನ ಕೇಳೋದು. ಒಳಗಿನೋರು ನೀವು. ಒಂದು ಕೆಲಸ ಮಾಡಿ, ಹೌದು ಅಂದ್ರೆ ಒಂದು ಬೆರಳು ಎತ್ತಿ, ಇಲ್ಲ ಅಂದ್ರೆ ಎರಡು. ನಾಳೆ ಬೆಳಿಗ್ಗೆ ಗೇಟಿನ ಹತ್ರ ಪಟ್ಟಿ ಹಾಕ್ತಾರೆ, ಅಲ್ವಾ? ...ಒಂದು ಬೆರಳು. ಸರಿ. ಪಟ್ಟಿ ಆಗಲೇ ರೆಡಿ ಆಗಿದ್ಯಾ? ...ಬೆರಳು ಅಲ್ಲಾಡ್ತಾ ಇದೆ, ಎತ್ತುತಾ ಇಲ್ಲ. ಸರಿ ಬಿಡಿ, ಅದು ಗುಟ್ಟು ಇರಬಹುದು, ನಿಮ್ಮನ್ನ ಇಕ್ಕಟ್ಟಿಗೆ ಸಿಕ್ಕಿಸಲ್ಲ. ಸುಮ್ಮನೆ ಅಂದಾಜು ಕೇಳ್ತೀನಿ. ಪರೀಕ್ಷೇಲಿ ಚೆನ್ನಾಗಿ ಬರೆದಿದಾಳೆ. ಚಿತ್ರದಲ್ಲಿ ಅವಳೇ ಮೊದಲು ಅಂತ ಸುದ್ದಿ. ಇನ್ನು ಉಳಿದಿದ್ದು ಅವಳು ಮಾಡಿ ತಂದಿದ್ದ ಆ ಮಣ್ಣಿನ ತಲೆ ಮತ್ತೆ ಇಂಟರ್‌ವ್ಯೂ. ಅದೊಂದು ಸ್ವಲ್ಪ... ಆ ಕಡೆ ಈ ಕಡೆ ಆಗಿದ್ರೂ, ಉಳಿದಿದ್ದೆಲ್ಲ ನೋಡಿ ಕೊಡಬಹುದಲ್ವಾ ಸೀಟು? ಅರ್ಧಕ್ಕರ್ಧ ಆಸೆ ಇಟ್ಕೋಬಹುದಾ? ...ಹೋಗ್ಲಿ, ಕಾಲು ಭಾಗ? ...ಬೆರಳು ನೋವಾ ಮೇಷ್ಟ್ರೇ?

ಸರಿ. ಸುಳ್ಳು ಯಾಕೆ ಹೇಳಲಿ, ನೀವು ಯಾರು ಅಂತ ನನಗೆ ಗೊತ್ತು. ಇಂಟರ್‌ವ್ಯೂನಲ್ಲಿ ಕೂತಿದ್ದೋರು ನೀವೇ. ಕಣ್ಣು ಹಾಗೆ ಬಿಡಬೇಡಿ! ನಿಮ್ಮ ಆಫೀಸಿನ ಜವಾನ ಇದಾನಲ್ಲ, ಅವನೂ ನನ್ನ ಗಿರಾಕಿ. ಅವನ ಮೇಲೆ ಕೋಪ ಮಾಡ್ಕೋಬೇಡಿ, ನಾನೇ ಕೂರಿಸಿ ಬಾಯಿ ಬಿಡಿಸಿದ್ದು. ಮಗಳು ಮನೇಲಿ ಏನೂ ಹೇಳ್ತಿಲ್ಲ. ಕೇಳಿದ್ದಕ್ಕೆಲ್ಲ ಹೂಂ, ಉಹೂಂ, ಅಷ್ಟೇ. ಇನ್ನೇನು ಮಾಡಲಿ ನಾನು? ಅವನು ಹೇಳಿದ, ಒಬ್ಬ ಮೇಷ್ಟ್ರಿಗೆ ಹಲ್ಲು ಒತ್ತಿ ನೋವಾಗ್ತಿತ್ತು, ಮಧ್ಯದಲ್ಲೇ ಎರಡೂ ಸೆಟ್ಟು ತೆಗೆದು ಕರ್ಚೀಫಲ್ಲಿ ಸುತ್ತಿ ಮೇಜಿನ ಮೇಲಿಟ್ಟುಬಿಟ್ಟರು ಅಂತ. ಇವತ್ತು ನೀವು ಬಂದು "ಒತ್ತುತಾ ಇದೆ ಕಣಯ್ಯಾ" ಅಂದ ತಕ್ಷಣ ಆ ಮೇಷ್ಟ್ರು ನೀವೇ ಅಂತ ಗೊತ್ತಾಯ್ತು ನಂಗೆ. ನನ್ನ ಹಲ್ಲೇ ಒತ್ತಿ, ನಿಮಗೆ ರೇಗಿ, ಆ ರೇಗಾಟದಲ್ಲಿ ಮಗೂನ ಇಲ್ಲದ ಪ್ರಶ್ನೆ ಕೇಳಿದ್ರಾ? ಹಾಗಿದ್ರೆ ತಪ್ಪು ನಂದು. ಹಲ್ಲಿನ ತಪ್ಪು. ಅವಳದ್ದಲ್ಲ!

...ಎರಡು ಬೆರಳು. ಹಲ್ಲಿಂದ ಅಲ್ಲ. ಸರಿ.

ಹಾಗಾದ್ರೆ ಆ ತಲೆಯ ವಿಷಯಾನೇ.

ಅದು ನಮ್ಮಮ್ಮನ ತಲೆ, ಮೇಷ್ಟ್ರೇ. ಹೋದ ಚಳಿಗಾಲದಲ್ಲಿ ತೀರಿಕೊಂಡ್ಲು. ಮುಂಬಾಗಿಲ ಹತ್ರ ಸ್ಟೂಲು ಹಾಕ್ಕೊಂಡು ಕೂರೋಳು, ಹೋಗೋ ಬರೋರನ್ನೆಲ್ಲ ಮಾತಾಡಿಸೋಳು, ಬಾಯ್ತುಂಬ ನಗೋಳು. ಬಾಯಲ್ಲಿ ಒಂದು ಹಲ್ಲಿಲ್ಲ! ಗಿರಾಕಿಗಳು ಅವಳನ್ನ ದಾಟಿಕೊಂಡೇ ಒಳಗೆ ಬರಬೇಕು. ಒಬ್ಬ ಅಂದೇಬಿಟ್ಟ, "ಏನಯ್ಯಾ, ಹೆತ್ತ ತಾಯಿಗೇ ಹಲ್ಲು ಕಟ್ಟದೋನು ನನಗೇನು ಕಟ್ತೀಯ" ಅಂತ. ಭೂಮಿ ಬಾಯಿ ಬಿಡಬಾರದಾ ಅನ್ನಿಸ್ತು. ಕಟ್ಟಿರಲಿಲ್ವಾ? ಕಟ್ಟಿದ್ದೆ ಮೇಷ್ಟ್ರೇ! ನನ್ನ ಕೈಯಲ್ಲಿ ಆದ ಅತ್ಯಂತ ಒಳ್ಳೆ ಸೆಟ್ಟು ಅದು. ಒಂದು ಗಂಟೆ ಹಾಕ್ಕೊಂಡ್ಲು, ತೆಗೆದು ಲೋಟದ ನೀರಲ್ಲಿಟ್ಟಳು, ಮುಗೀತು. "ಇದು ಹಾಕ್ಕೊಂಡ್ರೆ ಯಾರದೋ ಮನೇಲಿ ಹೋಗಿ ಕೂತ ಹಾಗಿರುತ್ತೆ ಕಣೋ, ನನ್ನ ಬಾಯಿ ನನಗೆ ಬಿಡು" ಅಂದ್ಲು. ಗೋಗರೆದೆ, ಮಾತು ಬಿಟ್ಟೆ, ಊಟ ಬಿಟ್ಟೆ, ಜಗ್ಗಲಿಲ್ಲ. ಕೊನೇ ದಿನ ಮಲಗಿಸಿದ್ವಲ್ಲ, ನೆಂಟರು ಬರ್ತಿದ್ರು. ನಾನು ಆ ಲೋಟ ತಗೊಂಡು ಹೋದೆ. ಈಗಾದ್ರೂ ಹಾಕೋಣ, ಮರ್ಯಾದೆಯಿಂದ ಕಳಿಸೋಣ ಅಂತ. ಹೆಗ್ಗಣ ಬಂದು ಕೈ ಹಿಡ್ಕೊಂಡ್ಲು. ಬೇಡಪ್ಪಾ, ಅದು ಅಜ್ಜಿ ಬಾಯಲ್ಲ ಅಂದ್ಲು. ಎಲ್ಲರೂ ನೋಡ್ತಿದ್ರು. ಬಿಟ್ಟುಬಿಟ್ಟೆ.

ಕಣ್ಣಲ್ಲಿ ನೀರು ಯಾಕೆ ಬರ್ತಿದೆ ನಿಮಗೆ? ಬಿಸಿಗಾ? ಬಿಸಿಗೇ ಇರಬೇಕು. ಇನ್ನೊಂದು ನಿಮಿಷ. ಕಚ್ಚಿ ಹಿಡೀರಿ.

ಅಲ್ಲಿ ಮೇಲಿನ ಹಲಗೆ ಮೇಲೆ ಹಳದಿ ಬಣ್ಣಕ್ಕೆ ತಿರುಗಿದೆಯಲ್ಲ, ಆ ಅಚ್ಚು, ಅದೇ ಅಮ್ಮನ ವಸಡು. ಸೆಟ್ಟು ಮಾಡೋಕೆ ತೆಗೆದಿದ್ದು. ಮಗಳು ದಿನಾ ಅದನ್ನ ಇಳಿಸಿಕೊಳ್ಳೋಳು, ಕಣ್ಣು ಮುಚ್ಚಿ ಬೆರಳಾಡಿಸೋಳು, ಹೋಗಿ ಮಣ್ಣು ಮೆತ್ತೋಳು. ತುಟಿಯ ಹಿಂದೆ ಏನಿದೆ ಅಂತ ಗೊತ್ತಿದ್ರೇನೇ ತುಟಿ ಬರೋದಂತೆ. ನಿಮ್ಮ ವಿಭಾಗದ ಪದ್ಧತಿ ಅಲ್ವಾ, ಸುಟ್ಟಿದ್ದು ಬೇಡ, ಹಸಿ ಮಣ್ಣಲ್ಲೇ ತರಬೇಕು, ಬೆರಳಿನ ಗುರುತು ಕಾಣಬೇಕು ಅಂತ. ಒದ್ದೆ ಬಟ್ಟೆ ಹೊದಿಸಿ ಹಿಂದಿನ ಕೋಣೇಲಿ ಇಟ್ಟಿದ್ಲು. ಯಾರಿಗೂ ತೋರಿಸಲಿಲ್ಲ. ನಂಗೂ ತೋರಿಸಲಿಲ್ಲ.

ಅಂದ್ರೆ... ನಾನು ನೋಡಿಲ್ಲ. ಇಂಟರ್‌ವ್ಯೂ ಹಿಂದಿನ ಸಂಜೆ ಅವಳು ಅವರಮ್ಮನ ಜೊತೆ ಚಪ್ಪಲಿ ತರೋಕೆ ಹೋಗಿದ್ಲು, ಮನೇಲಿ ನಾನೊಬ್ಬನೇ. ಬಟ್ಟೆ ಒಣಗಬಾರದಲ್ವಾ? ನೀರು ಚಿಮುಕಿಸಿದೆ. ಅಷ್ಟೇ. ನೀರು ಚಿಮುಕಿಸಿ ಹಾಗೇ ಮುಚ್ಚಿಟ್ಟೆ. ಇದನ್ನ ಯಾಕೆ ಹೇಳ್ತಿದೀನಿ ನಿಮಗೆ! ಮಾತಿಗೆ ಮಾತು ಬಂತು. ಬೆಳಿಗ್ಗೆ ತಾಯಿ ಮಗಳು ಇಬ್ರೂ ಹಿಡ್ಕೊಂಡು, ಮಗೂನ ಎತ್ಕೊಂಡ ಹಾಗೆ, ಆ ರಸ್ತೆ ದಾಟಿಸಿದ್ರು. ನಾನು ಈ ಕಿಟಕೀಲಿ ನಿಂತು ನೋಡಿದೆ. ಗೇಟಲ್ಲಿ ತಿರುಗಿ ಕೈಯಾಡಿಸಿದ್ಲು ನೋಡಿ... ಅದೇ ಕೊನೆ. ಆಮೇಲೆ ನನ್ನ ಮುಖ ನೋಡಿ ನಕ್ಕಿಲ್ಲ ಅವಳು.

ಜವಾನ ಹೇಳಿದ, ಅವಳು ಆ ತಲೇನ ಮೇಜಿನ ಮೇಲಿಟ್ಟು ಒದ್ದೆ ಬಟ್ಟೆ ತೆಗೆದ್ಲು, ತೆಗೆದೋಳು ಹಾಗೇ ಕಲ್ಲಾಗಿ ನಿಂತುಬಿಟ್ಟಳು ಅಂತ. ಹೌದಾ? ...ಒಂದು ಬೆರಳು. ಮುಖ ಬಿಳಿಚಿಕೊಂಡಿತ್ತಾ? ...ಹೂಂ. ಭಯಕ್ಕೆ ಮೇಷ್ಟ್ರೇ, ಅಷ್ಟು ದೊಡ್ಡೋರು ಕೂತಿದ್ರಲ್ಲ. ಆಮೇಲೆ ನೀವೆಲ್ಲ ಸುತ್ತ ಓಡಾಡಿ ನೋಡಿದ್ರಂತೆ. ಹಣೆ ನೋಡಿದ್ರಂತೆ, ಕಿವಿ ನೋಡಿ ತಲೆದೂಗಿದ್ರಂತೆ. ಆಮೇಲೆ ನೀವು ಒಂದೇ ಪ್ರಶ್ನೆ ಕೇಳಿದ್ರಂತೆ. "ಈ ಬಾಯಿ ಮಾಡಿದ್ದು ಯಾರಮ್ಮಾ?"

ಎಂಥ ಪ್ರಶ್ನೆ ಮೇಷ್ಟ್ರೇ ಅದು! ಅವಳದ್ದೇ ತಲೆ, ಅವಳದ್ದೇ ಬಾಯಿ. ಅವಳು ತುಟಿಪಿಟಕ್ ಅನ್ನಲಿಲ್ಲವಂತೆ. ಮತ್ತೆ ಕೇಳಿದ್ರಂತೆ, ಆಗಲೂ ಇಲ್ಲ. ಮೊದಲು ನಾನು ಅಂದ್ಕೊಂಡೆ, ನೀವು ಹಲ್ಲಿಲ್ಲದೆ ಕೇಳಿದ್ದಕ್ಕೆ ಅವಳಿಗೆ ಅರ್ಥವೇ ಆಗಲಿಲ್ಲವೇನೋ ಅಂತ. ನಗು ಬರುತ್ತಲ್ವಾ? ಮುಳುಗೋನು ಏನೇನು ಹಿಡ್ಕೊಳ್ತಾನೆ ನೋಡಿ. ನಿಮ್ಮ ನಿಯಮ ನನಗೂ ಗೊತ್ತು, ಗೇಟಿನ ಪಕ್ಕದ ಬೋರ್ಡಲ್ಲಿ ದಪ್ಪಕ್ಷರದಲ್ಲಿದೆ. ಬೇರೆಯವರ ಕೈ ತಾಗಿದ ಕೆಲಸ ತಿರಸ್ಕಾರ, ಒಂದು ಸಲ ತಿರಸ್ಕಾರ ಆದೋರು ಮತ್ತೆ ಯಾವತ್ತೂ ಅರ್ಜಿ ಹಾಕೋ ಹಾಗಿಲ್ಲ. ಯಾವತ್ತೂ! ಈಗಷ್ಟೇ ಶಾಲೆ ಮುಗಿಸಿದ ಹುಡುಗಿಗೆ ಯಾವತ್ತೂ ಅಂದ್ರೆ ಏನು ಮೇಷ್ಟ್ರೇ?

ಆದ್ರೆ ಆ ಬಾಯಿ ಚೆನ್ನಾಗಿರಲಿಲ್ವಾ? ನಿಜ ಹೇಳಿ. ತುಟಿ ತುಂಬಿಕೊಂಡು, ಕೆನ್ನೆ ಎತ್ತಿಕೊಂಡು, ಒಳ್ಳೆ ಮನೆತನದ ಹೆಂಗಸಿನ ಬಾಯಿ. ಅಷ್ಟು ಜನ ಓದಿದೋರ ಎದುರು, ದೀಪದ ಕೆಳಗೆ, ನಮ್ಮಮ್ಮನ್ನ ಆ ಬೊಚ್ಚು ಬಾಯಲ್ಲಿ ಕೂರಿಸಬೇಕಿತ್ತಾ? ಜನ ಆಡ್ಕೊಳ್ಳೋಲ್ವಾ? ಅವಳೇ ಯೋಚನೆ ಮಾಡಿ ಹಾಗೆ ಮಾಡಿರ್ತಾಳೆ. ಅವಳೇ. ...ಯಾಕೆ ಎರಡು ಬೆರಳು? ನಾನೇನೂ ಕೇಳಲಿಲ್ಲವಲ್ಲ! ಕೈ ಇಳಿಸಿ. ಇಳಿಸಿ, ಪೇಸ್ಟು ಗಟ್ಟಿ ಆಯ್ತು.

ಆ... ದೊಡ್ಡದಾಗಿ ಆ ಅನ್ನಿ. ಬಂತು. ಕೆಳಗಿಂದೂ ಬಂತು. ನೀರು ಅಲ್ಲಿದೆ, ಮುಕ್ಕಳಿಸಿ. ನಾನು ಗೋಡೆ ಕಡೆ ತಿರುಗ್ತೀನಿ, ಅಂಚು ಉಜ್ಜಿ ನಯ ಮಾಡಬೇಕು. ಈಗ ಬಾಯಿ ಖಾಲಿ ಇದೆ, ಆರಾಮಾಗಿ ಮಾತಾಡಿ. ನಾನು ನೋಡಲ್ಲ. ಸೀಟು ಇಲ್ಲ ಅಂದ್ರೆ ಇಲ್ಲ ಅನ್ನಿ, ತಡ್ಕೋತೀನಿ. ...ಮೇಷ್ಟ್ರೇ? ನೀರು ಮುಕ್ಕಳಿಸೋ ಸದ್ದು ಕೇಳ್ತಿದೆ, ಮಾತು ಬರ್ತಿಲ್ಲವಲ್ಲ. ಸಂಕೋಚನಾ? ಇಲ್ಲಿ ಯಾವ ಸಂಕೋಚ! ಒಂದು ಮಾತು. ಅವಳು ಎಷ್ಟು ದಿನದಿಂದ ಸರಿಯಾಗಿ ತಿಂದಿಲ್ಲ ಗೊತ್ತಾ? ಆ ಅಚ್ಚನ್ನ ಹಲಗೆಯಿಂದ ಇಳಿಸೋದೂ ಇಲ್ಲ ಈಗ. ನಿನ್ನೆ ಬಂದು ಈ ಬೆಂಚಿಗೆ ಕೂತು, "ಹೇಳಿಕೊಡಪ್ಪಾ, ಹಲ್ಲು ಹೇಗೆ ಉಜ್ಜೋದು" ಅಂದ್ಲು. ಸಿಟ್ಟಿಲ್ಲ, ಅಳು ಇಲ್ಲ. ಬೈದಿದ್ರೆ ಚೆನ್ನಾಗಿತ್ತು. ನನ್ನ ಎದೆಗೆ ಒದ್ದಿದ್ರೂ ಚೆನ್ನಾಗಿತ್ತು.

ಆಯ್ತು, ಬನ್ನಿ. ಬಾಯಿ ತೆಗೀರಿ. ವಸಡು ಮಾತ್ರ ನೋಡ್ತೀನಿ... ಮೇಲಿಂದು ಕೂತ್ಕೊಳ್ತು... ಇದೂ ಕೂತ್ಕೊಳ್ತು. ಕಚ್ಚಿ. ಒತ್ತುತಾ ಇದ್ಯಾ? ಇಲ್ವಲ್ಲ! ತಗೊಳ್ಳಿ ಕನ್ನಡಿ. ನೋಡ್ಕೊಳ್ಳಿ. ತುಟಿ ಹೇಗೆ ತುಂಬಿ ಬಂತು, ಕೆನ್ನೆ ಹೇಗೆ ಎತ್ತಿಕೊಂಡ್ತು. ಹತ್ತು ವರ್ಷ ಚಿಕ್ಕೋರಾದ್ರಿ!

...ಏನು ಅಷ್ಟು ಹೊತ್ತು ನೋಡ್ತಿದೀರಿ? ಚೆನ್ನಾಗಿಲ್ವಾ? ಕನ್ನಡೀನ ಹತ್ರ ತಗೊಂಡು... ತುಟಿ ಮೇಲೆ ಬೆರಳು ಯಾಕೆ ಇಟ್ಟು ನೋಡ್ಕೊಳ್ತಿದೀರಿ? ಮೂಲೆಯಿಂದ ಮೂಲೆಗೆ... ಒತ್ತಿದ್ರೆ ಹೇಳಿ, ಉಜ್ಜಿಕೊಡ್ತೀನಿ. ಅದು ನೀವು ಇಷ್ಟು ವರ್ಷ ಹಾಕ್ಕೊಂಡಿದ್ದ ಅದೇ ಬಾಯಿ, ಮೇಷ್ಟ್ರೇ, ನಾನೇನೂ ಬದಲಾಯಿಸಿಲ್ಲ. ಎಲ್ಲರಿಗೂ ಕಟ್ಟಿಕೊಡ್ತೀನಲ್ಲ, ಅದೇ... ಅದೇ ಬಾಯಿ...

ಕನ್ನಡಿ ಕೆಳಗಿಡಿ.

ಕೆಳಗಿಡಿ ಮೇಷ್ಟ್ರೇ. ನನ್ನ ಯಾಕೆ ಹಾಗೆ ನೋಡ್ತೀರಿ? ನನ್ನ ಕೈ ಯಾಕೆ ನೋಡ್ತೀರಿ? ಬಾಯಿ ತುಂಬ ಹಲ್ಲಿದೆ ಈಗ, ಏನಾದ್ರೂ ಅನ್ನಿ! ಬೈಯಿರಿ! ಅವಳೂ ಹೀಗೇ ಸುಮ್ಮನೆ... ಅವಳು ಒಂದೇ ಒಂದು ಮಾತು ಹೇಳಿದ್ರೆ... ಹೇಳಿದ್ರೆ ತಾನೇ ಏನು, ಬೇರೆಯವರ ಕೈ ಅಂತ ಅಲ್ಲಿಗೂ ತಿರಸ್ಕಾರಾನೇ. ಈಗ ನಾನು ನಿಮ್ಮ ಕಾಲು ಹಿಡಿದು ಹೇಳಿದ್ರೂ ತಿರಸ್ಕಾರಾನೇ, ಹೌದಾ? ಯಾವ ಕಡೆಯಿಂದಲೂ ದಾರಿ ಇಲ್ಲ. ಬೆರಳು ಎತ್ತಿ. ಒಂದೋ ಎರಡೋ, ಯಾವುದಾದ್ರೂ ಎತ್ತಿ!

ಏನು ಮಾಡ್ತಿದೀರಿ? ಯಾಕೆ ತೆಗೀತೀರಿ, ಈಗ ತಾನೇ ಸರಿಯಾಗಿ ಕೂತಿದೆ! ಸರಿ, ಸರಿ, ತಿರುಗ್ತೀನಿ, ಒಂದು ನಿಮಿಷ... ತಿರುಗೋಕೆ ಬಿಡಿ ನನ್ನ. ಭುಜ ಬಿಡಿ ಮೇಷ್ಟ್ರೇ. ನಾನು ನೋಡಲ್ಲ, ನೋಡಬಾರದು, ನಮ್ಮಪ್ಪ ಹೇಳಿದಾರೆ. ಹಾಕ್ಕೊಳ್ಳಿ, ದಮ್ಮಯ್ಯ ಅಂತೀನಿ, ಹಾಕ್ಕೊಳ್ಳಿ...

...

ಹೀಗೇ ಇತ್ತು, ಮೇಷ್ಟ್ರೇ. ತುಟಿ ಹೀಗೇ ಒಳಗೆ ಹೋಗಿತ್ತು. ಈ ಮೂಲೇಲಿ ಹೀಗೇ ಒಂದು ಸುಕ್ಕು, ಈಗಲೋ ಆಗಲೋ ನಗೋ ಹಾಗೆ. ಆ ಸಂಜೆ ಬಟ್ಟೆ ಎತ್ತಿದಾಗ, ಇನ್ನೂ ಕೈ ಹಾಕಿರಲಿಲ್ಲ, ಅಮ್ಮಾ ಅಂತ ಕೂಗಿಬಿಟ್ಟೆ ನಾನು. ಮಗು ಮಾಡಿದ್ದ ಬಾಯಿ ಥೇಟ್ ಹೀಗೇ ಇತ್ತು.